ಆಯ ತಪ್ಪದ ಹಾಗೆ ನಿಲ್ಲೋದು: ಧಾರವಾಡದಲ್ಲಿ ಶುರುವಾದ ಒಂದು ಪಾಠದ ಕಥೆ

ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ವಯಸ್ಸಾದವರು ಯಾರಾದರೂ ಬಿದ್ದರು ಅಂತ ಸುದ್ದಿ ಬಂದರೆ ಎರಡು ಮಾತು ತಪ್ಪದೇ ಕೇಳಿಬರುತ್ತವೆ. ಮೊದಲನೆಯದು, "ಎಲಬು ಮುರೀತೇನು?" ಎರಡನೆಯದು, "ಇನ್ ಮ್ಯಾಲೆ ಎಲ್ಲೂ ಅಡ್ಡಾಡಬ್ಯಾಡ್ರಿ ಅಜ್ಜಾರ, ಸುಮ್ನ ಒಂದ ಕಡೆ ಕುಂದರ್ರಿ."

ಮೊದಲನೆಯ ಮಾತಿನ ಬಗ್ಗೆ ನನ್ನ ತಕರಾರಿಲ್ಲ. ಎರಡನೆಯದನ್ನು ಹೇಳೋರು ಪ್ರೀತಿಯಿಂದಲೇ ಹೇಳ್ತಾರೆ, ಆದರೆ ಆ ಮಾತು ಕೇಳಿ ನಿಜಕ್ಕೂ ಕೂತುಬಿಟ್ಟ ಅಜ್ಜ ಮುಂದಿನ ಸಲ ಇನ್ನೂ ಸುಲಭವಾಗಿ ಬೀಳ್ತಾನೆ. ಇದು ಯಾಕೆ ಹಾಗೆ ಅಂತ ಹೇಳೋಕೆ ಸ್ವಲ್ಪ ಇತಿಹಾಸ ಬೇಕು. ಆ ಇತಿಹಾಸದ ಒಂದು ಪುಟ 1936ರ ಧಾರವಾಡದಲ್ಲಿದೆ. ಹಾಗಾಗಿ ಈ ಪೋಸ್ಟ್ ಸ್ವಲ್ಪ ಉದ್ದ. ಚಹಾ ಇಟ್ಕೊಂಡು ಓದಿ :)

ಮೊದಲು, ಆಯ ಅಂದ್ರೆ ಏನು?

ಕನ್ನಡದಲ್ಲಿ "ಆಯ ತಪ್ಪಿ ಬಿದ್ದ" ಅಂತೀವಿ. "ಜೋಲಿ ಹೋತು" ಅಂತಾನೂ ಅಂತೀವಿ. ಬ್ಯಾಲೆನ್ಸ್ ಅನ್ನೋ ಪದ ಬರೋಕೆ ಎಷ್ಟೋ ಮೊದಲೇ ನಮ್ಮಲ್ಲಿ ಅದಕ್ಕೆ ಮಾತುಗಳಿದ್ದವು. ಆದರೆ ಈ ಆಯ ಮೈಯಲ್ಲಿ ಎಲ್ಲಿರುತ್ತೆ?

ಇಂಜಿನಿಯರಿಂಗ್ ಓದಿದವರಿಗೆ ಕಂಟ್ರೋಲ್ ಸಿಸ್ಟಮ್ಸ್ ಪೇಪರಿನಲ್ಲಿ ತಲೆಕೆಳಗಾದ ಲೋಲಕದ ಲೆಕ್ಕ ನೆನಪಿರಬಹುದು. ಉಳಿದವರು ಬೆರಳ ತುದಿಯ ಮೇಲೆ ಕಸಬರಿಗೆ ನಿಲ್ಲಿಸೋ ಆಟ ನೆನಪಿಸಿಕೊಳ್ಳಿ. ಕಸಬರಿಗೆ ತಾನಾಗಿ ನಿಲ್ಲೋದಿಲ್ಲ. ಅದು ಆ ಕಡೆ ವಾಲಿದರೆ ಬೆರಳು ಆ ಕಡೆ ಹೋಗಬೇಕು, ಈ ಕಡೆ ವಾಲಿದರೆ ಈ ಕಡೆ. ಮನುಷ್ಯ ನಿಲ್ಲೋದೂ ಹಾಗೇ. ನಾವು ಅಲ್ಲಾಡದೆ ನಿಂತಿದ್ದೀವಿ ಅಂದುಕೊಂಡಾಗಲೂ ಮೈ ಸಣ್ಣಗೆ ತೂಗಾಡ್ತಾನೇ ಇರುತ್ತೆ, ಕಾಲಿನ ಸ್ನಾಯುಗಳು ಅದನ್ನು ಸರಿಮಾಡ್ತಾನೇ ಇರುತ್ತವೆ.

ಹೀಗೆ ಸರಿಮಾಡೋಕೆ ಸುದ್ದಿ ಬೇಕಲ್ಲ? ಅದು ಮೂರು ಕಡೆಯಿಂದ ಬರುತ್ತೆ. ಒಂದು, ಕಣ್ಣು. ಎರಡು, ಒಳಗಿವಿ. ಅಲ್ಲಿ ಪ್ರತಿ ಬದಿಗೆ ಮೂರು ಅರೆವೃತ್ತದ ನಾಳಗಳಿದ್ದು ತಲೆ ಯಾವ ಕಡೆ ತಿರುಗಿತು ಅಂತ ಹೇಳುತ್ತವೆ. ಮೂರು, ಪಾದ, ಕೀಲು ಮತ್ತು ಸ್ನಾಯುಗಳಿಂದ ಬರೋ ಸುದ್ದಿ. ಕತ್ತಲಲ್ಲಿ ನಿಮ್ಮ ಕೈ ಎಲ್ಲಿದೆ ಅಂತ ನೋಡದೇ ನಿಮಗೆ ಗೊತ್ತಾಗುತ್ತಲ್ಲ, ಅದು ಈ ಮೂರನೆಯದರಿಂದ. ನಾನು ಇದನ್ನ ಮೈ-ಎಚ್ಚರ ಅಂತ ಕರೀತೀನಿ.

ಈ ಮೂರನೆಯದನ್ನು ವಿಜ್ಞಾನ ಗುರುತಿಸಿದ್ದು ನಿಧಾನವಾಗಿ. 1840ರ ದಶಕದಲ್ಲಿ ಬರ್ಲಿನ್ನಿನ ವೈದ್ಯ ಮೊರಿಟ್ಸ್ ರೋಂಬರ್ಗ್, ಬೆನ್ನುಹುರಿಯ ಕಾಯಿಲೆಯಾದ ಕೆಲವರು ಕಣ್ಣು ತೆರೆದಾಗ ನೆಟ್ಟಗೆ ನಿಲ್ತಾರೆ, ಮುಚ್ಚಿದ ಕೂಡಲೇ ತೂರಾಡ್ತಾರೆ ಅಂತ ಬರೆದ. ಕಾಲಿನಿಂದ ಬರೋ ಸುದ್ದಿ ನಿಂತುಹೋಗಿ, ಅವರು ಕಣ್ಣಿನ ಮೇಲೇ ಪೂರ್ತಿ ನಿಂತಿದ್ದರು. ಇವತ್ತಿಗೂ ನರರೋಗ ತಜ್ಞರು "ಕಾಲು ಜೋಡಿಸಿ ಕಣ್ಣು ಮುಚ್ಚಿ ನಿಲ್ರಿ" ಅಂತ ಹೇಳೋ ಪರೀಕ್ಷೆಗೆ ರೋಂಬರ್ಗ್ ಹೆಸರೇ ಇದೆ. 1906ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ ಈ ಮೈ-ಎಚ್ಚರಕ್ಕೆ ಪ್ರೊಪ್ರಿಯೋಸೆಪ್ಷನ್ ಅಂತ ಹೆಸರಿಟ್ಟ. ಒಳಗಿವಿಯ ಕೆಲಸ ಬಿಡಿಸಿದ ರಾಬರ್ಟ್ ಬರಾನಿಗೆ 1914ರ ನೊಬೆಲ್ ಬಂತು. ಸ್ನಾಯು ಎಳೆದಾಗ ಅದನ್ನು ನರಕ್ಕೆ ತಿಳಿಸುವ ಪ್ರೋಟೀನು ಯಾವುದು ಅಂತ ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್‌ಗೆ 2021ರಲ್ಲಿ ನೊಬೆಲ್ ಪಾಲು ಸಿಕ್ಕಿತು. ಅಂದರೆ ನಾವು ಹೇಗೆ ನಿಲ್ತೀವಿ ಅನ್ನೋ ಪ್ರಶ್ನೆಗೆ ಇನ್ನೂ ಉತ್ತರ ಹುಡುಕ್ತಾನೇ ಇದ್ದೀವಿ.

ವಯಸ್ಸಾದಂತೆ ಈ ಮೂರೂ ಸುದ್ದಿ ಮಂಕಾಗ್ತಾ ಬರುತ್ತವೆ. ಕಣ್ಣಿಗೆ ಪೊರೆ. ಒಳಗಿವಿಯ ಸೂಕ್ಷ್ಮ ಕೂದಲು-ಕೋಶಗಳು ಕಡಿಮೆ. ಸಕ್ಕರೆ ಕಾಯಿಲೆ ಇದ್ದರೆ ಅಂಗಾಲು ಜೋಮು. ಮೇಲಾಗಿ ಸ್ನಾಯುವಿನಲ್ಲಿ ಚುರುಕಾಗಿ ಕೆಲಸ ಮಾಡೋ ಎಳೆಗಳು ಮೊದಲು ಸೊರಗುತ್ತವೆ. ಎಡವಿದಾಗ ಥಟ್ಟನೆ ಒಂದು ಹೆಜ್ಜೆ ಮುಂದಿಟ್ಟು ಉಳಕೊಳ್ಳೋಕೆ ಬೇಕಾಗೋದು ಅವೇ. ಇದರಲ್ಲಿ ಎಷ್ಟು ವಯಸ್ಸಿನ ಪಾಲು, ಎಷ್ಟು ಕೂತದ್ದರ ಪಾಲು? ಇತಿಹಾಸದ ಕಥೆ ಇಲ್ಲಿಂದ ಶುರು.

ತಾಲೀಮಿನಲ್ಲಿ ಮುದುಕರಿಗೆ ಏನಿತ್ತು?

ವ್ಯಾಯಾಮದ ವಿಷಯದಲ್ಲಿ ಕನ್ನಡ ನಾಡು ಬಡವೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮಲ್ಲರ ಅಭ್ಯಾಸದ ವಿವರ ಇದೆ, ಕಂಬದ ಮೇಲಿನ ಕಸರತ್ತಿನ ಪ್ರಸ್ತಾಪವೂ ಇದೆ. ಹಳೇ ಮೈಸೂರಿನ ಕಡೆ ಗರಡಿ ಮನೆ, ನಮ್ಮ ಕಡೆ ತಾಲೀಮು. ಕೆಂಪು ಮಣ್ಣು, ದಂಡ, ಬೈಠಕ್, ಗದೆ. 20ನೇ ಶತಮಾನದ ಮೊದಲ ಅರ್ಧದಲ್ಲಿ ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ನಡೆಸಿದರು (ಹೌದು, ಶಾಂತಲಾ ಮತ್ತು ರೂಪದರ್ಶಿ ಕಾದಂಬರಿ ಬರೆದ ಅದೇ ಅಯ್ಯರ್). ನಮ್ಮ ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ 1923ರಲ್ಲಿ ಹಿಂದುಸ್ತಾನಿ ಸೇವಾದಳ ಕಟ್ಟಿ ಸ್ವಯಂಸೇವಕರಿಗೆ ಕವಾಯತು ಕಲಿಸಿದರು.

ಇವೆಲ್ಲದರ ಮಧ್ಯೆ ಇರೋದು ಒಂದೇ ಮೈ: ಗಂಡಸಿನದು, ಹರೆಯದ್ದು, ಗಟ್ಟಿಮುಟ್ಟಾದ್ದು. ಗುಲಾಮಗಿರಿಯ ಕಾಲದಲ್ಲಿ ದೇಶಕ್ಕೆ ಬೇಕಾಗಿದ್ದೂ ಅದೇ ಅನ್ನಿ. ಹೆಂಗಸರು, ರೋಗಿಗಳು, ಮುದುಕರು ಈ ಚಿತ್ರದಲ್ಲಿ ಇಲ್ಲ. ತಾಲೀಮಿನಲ್ಲಿ ಮುದುಕ ಇದ್ದರೆ ಅವನು ಉಸ್ತಾದ, ಕಟ್ಟೆ ಮೇಲೆ ಕೂತು ಹೇಳಿಕೊಡೋನು.

ಮುದುಕರಿಗೆ ವ್ಯಾಯಾಮ ಬೇಕಿರಲಿಲ್ಲ ಅನ್ನೋಕೆ ಇನ್ನೊಂದು ಕಾರಣವೂ ಇತ್ತು. ಬದುಕೇ ಅದನ್ನ ಮಾಡಿಸುತ್ತಿತ್ತು. ನೆಲದ ಮೇಲೆ ಕೂತು ಉಣ್ಣೋದು, ಅಂದರೆ ದಿನಕ್ಕೆ ಹತ್ತಾರು ಸಲ ನೆಲದಿಂದ ಏಳೋದು. ಎತ್ತರದ ಹೊಸ್ತಿಲು ದಾಟೋದು. ಕುಕ್ಕರಗಾಲಲ್ಲಿ ಕೂತು ಪಾತ್ರೆ ತಿಕ್ಕೋದು. ತಲೆ ಮೇಲೆ ಕೊಡ ಹೊತ್ತು ಬರೋದು. ಉಳುಮೆ ಮಾಡಿದ ಎರೆ ಹೊಲದಲ್ಲಿ ಬರಿಗಾಲಲ್ಲಿ ನಡೆಯೋದು. ಪಾದಕ್ಕೆ ಪ್ರತಿ ಹೆಜ್ಜೆಗೂ ಹೊಸ ಸುದ್ದಿ ಸಿಗ್ತಿತ್ತು. ಹಳೆಯ ಕಾಲ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ, ಆ ಕೊಡಗಳ ಭಾರಕ್ಕೆ ಎಷ್ಟು ಕತ್ತು ಸವೆದಿವೆಯೋ. ಆದರೆ ಆಯದ ಅಭ್ಯಾಸ ಪುಕ್ಕಟೆ ಆಗ್ತಿತ್ತು ಅನ್ನೋದು ನಿಜ.

1936, ಧಾರವಾಡ

ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ಯೋಗಶಾಲೆ ಶುರು ಮಾಡಿದರು. ಅವರು ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದವರು. ಅವರ ಯೋಗ ಮಕರಂದ 1934ರಲ್ಲಿ ಕನ್ನಡದಲ್ಲೇ ಅಚ್ಚಾಯಿತು. ಇವತ್ತು ಜಗತ್ತಿನ ಎಷ್ಟೋ ನಗರಗಳಲ್ಲಿ ಕಲಿಸೋ ಯೋಗದ ಒಂದು ದೊಡ್ಡ ಬೇರು ಈ ಕನ್ನಡ ಪುಸ್ತಕದಲ್ಲಿದೆ ಅಂದರೆ ಆಶ್ಚರ್ಯ ಆಗಬಹುದು.

ಅದೇ 1934ರಲ್ಲಿ ಅವರ ಮನೆಗೆ ಹೆಂಡತಿಯ ತಮ್ಮ ಬಂದ. 15 ವರ್ಷದ ಹುಡುಗ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರ ಡಿಸೆಂಬರ್ 14ರಂದು, ಇನ್‌ಫ್ಲುಯೆಂಜಾ ಮಾರಿ ಹಬ್ಬಿದ್ದ ಕಾಲದಲ್ಲಿ ಹುಟ್ಟಿದವನು. ಆಮೇಲೆ ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲ ಬಂದು ಹೋಗಿದ್ದವು. ಸಣಕಲು ಮೈ. ಅವನೇ ಮುಂದೆ ಬಿ.ಕೆ.ಎಸ್. ಅಯ್ಯಂಗಾರ್ ಆದ.

1936ರಲ್ಲಿ ಕೃಷ್ಣಮಾಚಾರ್ಯರು ಶಿಷ್ಯರನ್ನು ಕರೆದುಕೊಂಡು ಉತ್ತರ ಕರ್ನಾಟಕಕ್ಕೆ ಯೋಗ ಪ್ರದರ್ಶನಕ್ಕೆ ಬಂದರು. ಆಗ ನಮ್ಮದು ಮುಂಬೈ ಪ್ರಾಂತ, ಅವರದು ಮೈಸೂರು ಸಂಸ್ಥಾನ. ಅಂದರೆ ಬೇರೆ ಸರಕಾರದ ಸೀಮೆ. ಹುಬ್ಬಳ್ಳಿ-ಧಾರವಾಡ ಒಂದೇ ನಗರಪಾಲಿಕೆ ಆದದ್ದು ಕೂಡ 1962ರಲ್ಲಿ. ನಾನಿರೋ ಬೈರಿದೇವರಕೊಪ್ಪ ಆಗ ಎರಡು ಊರುಗಳ ನಡುವಿನ ಹಳ್ಳಿ.

ಧಾರವಾಡದಲ್ಲಿ ಕೆಲವು ಹೆಂಗಸರು ತಮಗೂ ಯೋಗ ಕಲಿಸಬೇಕು ಅಂತ ಕೇಳಿದರು. ಕಲಿಸೋರು ಯಾರು? ಗುಂಪಿನಲ್ಲಿದ್ದವರೆಲ್ಲ ಗಂಡಸರು. ಎಲ್ಲರಿಗಿಂತ ಚಿಕ್ಕವನು ಅಂತ ಈ 17ರ ಹುಡುಗನನ್ನು ಕಳಿಸಿದರು. ಅಯ್ಯಂಗಾರರು ಗುರುವಾಗಿ ಪಾಠ ಮಾಡಲು ಶುರುಮಾಡಿದ್ದು ಹೀಗೆ, ನಮ್ಮ ಧಾರವಾಡದಲ್ಲಿ.

ಇದನ್ನ ನಾನು ಸುಮ್ಮನೆ ಊರಿನ ಹೆಮ್ಮೆಗೆ ಹೇಳ್ತಿಲ್ಲ. ತಾಲೀಮಿನಲ್ಲಿ ಜಾಗ ಇಲ್ಲದವರು ಬಂದು "ನಮಗೂ ಹೇಳಿಕೊಡ್ರಿ" ಅಂದಾಗ, ತಾನೇ ರೋಗದಿಂದ ಎದ್ದು ಬಂದಿದ್ದ ಒಬ್ಬ ಹುಡುಗ ಹೇಳಿಕೊಡೋಕೆ ನಿಂತ. ಆ ಹುಡುಗನ ಮುಂದಿನ 70ಕ್ಕೂ ಹೆಚ್ಚು ವರ್ಷಗಳ ಕೆಲಸ ಇದೇ ದಾರಿಯಲ್ಲಿ ಸಾಗಿತು. ಅದೇ ಪ್ರವಾಸದಲ್ಲಿ ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆ ಇವರನ್ನು ನೋಡಿದರು. ನಿವೃತ್ತರಾಗಿ ಪುಣೆಗೆ ಹೋದ ಮೇಲೆ 1937ರಲ್ಲಿ ಡೆಕ್ಕನ್ ಜಿಮ್ಖಾನಾದಲ್ಲಿ ಆರು ತಿಂಗಳು ಕಲಿಸೋಕೆ ಕರೆಸಿಕೊಂಡರು. ಆರು ತಿಂಗಳಿಗೆ ಹೋದವರು ಪುಣೆಯವರೇ ಆಗಿಬಿಟ್ಟರು.

ಅಯ್ಯಂಗಾರರ ಪದ್ಧತಿಯಲ್ಲಿ ಮೊದಲ ಪಾಠ ತಾಡಾಸನ. ನೋಡೋಕೆ ಅದರಲ್ಲೇನೂ ಇಲ್ಲ, ಸುಮ್ಮನೆ ನಿಲ್ಲೋದು! ಆದರೆ ಭಾರ ಎರಡೂ ಪಾದಕ್ಕೆ ಸಮನಾಗಿ ಬಿದ್ದಿದೆಯೇ, ಹಿಮ್ಮಡಿಗೆಷ್ಟು ಮುಂಗಾಲಿಗೆಷ್ಟು ಅಂತ ಗಮನ ಕೊಡಬೇಕು. 1966ರಲ್ಲಿ ಬಂದ ಅವರ ಲೈಟ್ ಆನ್ ಯೋಗ ಪುಸ್ತಕದಲ್ಲಿ ಜನಕ್ಕೆ ಸರಿಯಾಗಿ ನಿಲ್ಲೋಕೇ ಬರೋದಿಲ್ಲ, ಬೇಕಾದರೆ ಅವರ ಚಪ್ಪಲಿ-ಬೂಟಿನ ಹಿಮ್ಮಡಿ ಎಲ್ಲಿ ಸವೆದಿದೆ ನೋಡಿ ಅನ್ನೋ ಅರ್ಥದ ಮಾತಿದೆ. ನಿಮ್ಮ ಮನೆಯ ಹಿರಿಯರ ಚಪ್ಪಲಿ ಒಮ್ಮೆ ತಿರುಗಿಸಿ ನೋಡಿ. ನಾನು ನಮ್ಮ ಮನೆಯಲ್ಲಿ ಎಲ್ಲರದ್ದೂ ನೋಡಿದೆ, ಒಬ್ಬರದ್ದೂ ಸಮನಾಗಿ ಸವೆದಿಲ್ಲ!

ಅದೇ ಹೊತ್ತಿಗೆ ಲಂಡನ್ನಿನಲ್ಲಿ

ಧಾರವಾಡದ ಪಾಠಕ್ಕೆ ಒಂದು ವರ್ಷ ಮೊದಲು, 1935ರಲ್ಲಿ, ಲಂಡನ್ನಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಗೆ ಪಕ್ಕದ ನಿರ್ಗತಿಕರ ಆಶ್ರಯಾಲಯದ ರೋಗಿಗಳ ವಾರ್ಡುಗಳು ಸೇರಿಕೊಂಡವು. ನೂರಾರು ಜನ, ಹೆಚ್ಚಿನವರು ಮುದುಕರು. ಹಲವರು ವರ್ಷಗಟ್ಟಲೆ ಹಾಸಿಗೆಯಲ್ಲೇ ಇದ್ದವರು. ಅವರನ್ನು ನೋಡಿಕೊಳ್ಳೋ ಕೆಲಸ ಡಾ. ಮಾರ್ಜರಿ ವಾರೆನ್ ಪಾಲಿಗೆ ಬಂತು. ಆಕೆ ಒಬ್ಬೊಬ್ಬರನ್ನೇ ಪರೀಕ್ಷಿಸಿದರು. ಕಾಯಿಲೆಯಿಂದ ಮಲಗಿದವರಿಗಿಂತ, ಮಲಗಿಸಿದ್ದರಿಂದ ಕಾಯಿಲೆಯಾದವರು ಬಹಳ ಅಂತ ಗೊತ್ತಾಯಿತು. ಅವರನ್ನು ಎಬ್ಬಿಸಿದರು, ಹಿಡಿಕೆ ಹಾಕಿಸಿದರು, ನಡೆಸಿದರು. ಎಷ್ಟೋ ಜನ ಮನೆಗೆ ಹೋದರು. ವೃದ್ಧರ ವೈದ್ಯಕೀಯ ಅನ್ನೋ ಶಾಖೆಗೆ ಬ್ರಿಟನ್ನಿನಲ್ಲಿ ಆಕೆಯನ್ನೇ ತಾಯಿ ಅಂತಾರೆ.

ಮಲಗಿಸೋದು ಮೈಗೆ ಏನು ಮಾಡುತ್ತೆ ಅನ್ನೋದಕ್ಕೆ ಲೆಕ್ಕ ಸಿಕ್ಕಿದ್ದು ಅಮೆರಿಕದಲ್ಲಿ. 1966ರಲ್ಲಿ ಡಲ್ಲಾಸಿನಲ್ಲಿ 20ರ ಹರೆಯದ ಐದು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲಿ ಇಟ್ಟು ಅಳೆದರು. 30 ವರ್ಷದ ನಂತರ 1996ರಲ್ಲಿ ಅದೇ ಐವರನ್ನು ಮತ್ತೆ ಅಳೆದರು. ಅವರ ಶ್ರಮದ ಶಕ್ತಿಯನ್ನು 30 ವರ್ಷದ ವಯಸ್ಸು ಎಷ್ಟು ಇಳಿಸಿತ್ತೋ, ಅದಕ್ಕಿಂತ ಹೆಚ್ಚು ಇಳಿಸಿದ್ದು 20ರಲ್ಲಿನ ಆ ಮೂರು ವಾರದ ಹಾಸಿಗೆ! ಇದು ಹೃದಯ-ಶ್ವಾಸದ ಅಳತೆ, ಆಯದ್ದಲ್ಲ. ಆದರೂ "ಸುಮ್ನ ಕುಂದರ್ರಿ" ಅನ್ನೋ ಮೊದಲು ನೆನಪಿಡಬೇಕಾದ ಅಳತೆ.

ರಾಣಿ, ಸ್ಕೂಟರ್ ಮತ್ತು ಮುರಿದ ಎಲುಬು

ಪುಣೆಗೆ ಮರಳೋಣ. ಅಯ್ಯಂಗಾರರು 1958ರಲ್ಲಿ ಬೆಲ್ಜಿಯಂನ ರಾಣಿ ಮಾತೆ ಎಲಿಸಬೆತ್‌ಗೆ ಪಾಠ ಮಾಡಿದರು. ಆಕೆ ಹುಟ್ಟಿದ್ದು 1876ರಲ್ಲಿ, ಲೆಕ್ಕ ಹಾಕಿ, 80 ದಾಟಿತ್ತು. ತನಗೆ ಶೀರ್ಷಾಸನವೇ ಬೇಕು ಅಂತ ಹಟ ಹಿಡಿದು ಕಲಿತರು. (ದಯವಿಟ್ಟು ಇದನ್ನ ಮನೆಯಲ್ಲಿ ಅಜ್ಜಿಗೆ ಮಾಡಿಸಬೇಡಿ. ರಕ್ತದೊತ್ತಡ, ಗ್ಲಾಕೋಮಾ, ಎಲುಬು ಸವೆತ ಇದ್ದವರಿಗೆ ಇದು ಅಪಾಯ.) ನನಗೆ ಇಷ್ಟವಾಗೋದು ಶೀರ್ಷಾಸನಕ್ಕಿಂತ ಆಕೆಯ ಹಟ.

1979ರಲ್ಲಿ ಅಯ್ಯಂಗಾರರಿಗೆ ಸ್ಕೂಟರ್ ಅಪಘಾತವಾಯಿತು. ಆಗ 60 ವರ್ಷ. ಅಷ್ಟು ಕಾಲ ಗಳಿಸಿದ ಅಭ್ಯಾಸ ಹೋಯಿತು. ಮೊದಲ ಪಾಠದಿಂದ ಮತ್ತೆ ಶುರು ಮಾಡಿ, ವರ್ಷಗಟ್ಟಲೆ ಹಿಡಿದು ವಾಪಸು ಗಳಿಸಿದರು. ಗೋಡೆ, ಕುರ್ಚಿ, ಹಗ್ಗ, ಕಟ್ಟಿಗೆಯ ಇಟ್ಟಿಗೆ ಇವನ್ನೆಲ್ಲ ಆಸನಕ್ಕೆ ಆಸರೆಯಾಗಿ ಬಳಸೋದು ಅವರ ಪದ್ಧತಿಯ ಗುರುತು. ಈಗ ಮುದುಕರಿಗೆ, ರೋಗಿಗಳಿಗೆ ಯೋಗ ಕಲಿಸೋ ಎಷ್ಟೋ ಕಡೆ ಈ ಕುರ್ಚಿ-ಗೋಡೆಗಳು ಕಾಣೋದು ಅಲ್ಲಿಂದ ಬಂದಿದ್ದು. ಆಸರೆ ಕೊಟ್ಟರೆ ಯಾರು ಬೇಕಾದರೂ ನಿಂತು ಕಲಿಯಬಹುದು ಅನ್ನೋದೇ ಅದರ ತಿರುಳು. ಅವರು 2014ರ ಆಗಸ್ಟ್ 20ರಂದು, 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು ಗುರು ಕೃಷ್ಣಮಾಚಾರ್ಯರ ಕಥೆ. 96ನೇ ವಯಸ್ಸಿನಲ್ಲಿ ಅವರಿಗೇ ಚಪ್ಪೆಯ ಎಲುಬು ಮುರಿಯಿತು. ಆಪರೇಷನ್ ಬೇಡ ಅಂದವರು, ಹಾಸಿಗೆಯಲ್ಲೇ ಮಾಡಬಹುದಾದ ಅಭ್ಯಾಸಗಳನ್ನು ತಮಗೆ ತಾವೇ ಹೊಂದಿಸಿಕೊಂಡರು. 1989ರಲ್ಲಿ ತೀರಿಕೊಂಡಾಗ ಅವರಿಗೆ 100 ವರ್ಷ. ಇವತ್ತಿನ ವೈದ್ಯರು ಚಪ್ಪೆಯ ಎಲುಬು ಮುರಿದರೆ ಆದಷ್ಟು ಬೇಗ ಆಪರೇಷನ್ ಮಾಡಿ, ಸಾಧ್ಯವಾದರೆ ಮರುದಿನವೇ ನಿಲ್ಲಿಸ್ತಾರೆ. ಅದೇ ಸರಿ. ಹಾಗಾಗಿ ಅವರ ಆಪರೇಷನ್ ನಿರಾಕರಣೆಯನ್ನು ಅನುಸರಿಸಬೇಕಿಲ್ಲ. ಆದರೆ ಜೀವಮಾನವಿಡೀ ಯೋಗ ಮಾಡಿದವರಿಗೂ ಮುಪ್ಪಿನಲ್ಲಿ ಎಲುಬು ಮುರಿಯುತ್ತೆ ಅನ್ನೋದನ್ನ ಈ ಕಥೆ ಪ್ರಾಮಾಣಿಕವಾಗಿ ಹೇಳುತ್ತೆ. ಅಭ್ಯಾಸ ಬೀಳೋದನ್ನ ಕಡಿಮೆ ಮಾಡುತ್ತೆ, ಇಲ್ಲವಾಗಿಸೋದಿಲ್ಲ.

ಕಥೆ ಸಾಕು, ಲೆಕ್ಕ ಕೊಡಪ್ಪ ಅಂದ್ರೆ...

ನಾನೂ ಲೆಕ್ಕದವನೇ, ತಗೊಳ್ಳಿ.

1990ರಲ್ಲಿ ಬೋಸ್ಟನ್ನಿನ ಒಂದು ವೃದ್ಧರ ಕೇಂದ್ರದಲ್ಲಿ 90ರ ಆಸುಪಾಸಿನ 10 ಜನಕ್ಕೆ ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿದರು. ಪೂರ್ತಿ ಮಾಡಿದವರಲ್ಲಿ ಕಾಲಿನ ಬಲ ಸರಾಸರಿ 174% ಹೆಚ್ಚಿತು. 90ರಲ್ಲೂ ಸ್ನಾಯು ಪಾಠ ಕಲಿಯುತ್ತೆ.

1996ರಲ್ಲಿ ಅಟ್ಲಾಂಟಾದ ಅಧ್ಯಯನದಲ್ಲಿ 70 ದಾಟಿದ 200 ಜನರಿದ್ದರು. 15 ವಾರ ಚೀನಾದ ತಾಯ್ ಚಿ ಕಲಿತ ಗುಂಪಿನಲ್ಲಿ ಪದೇ ಪದೇ ಬೀಳೋ ಅಪಾಯ 47.5% ಕಡಿಮೆಯಾಯಿತು. ತಾಯ್ ಚಿ ಅಂದರೆ ಭಾರವನ್ನು ನಿಧಾನಕ್ಕೆ ಒಂದು ಕಾಲಿಂದ ಇನ್ನೊಂದಕ್ಕೆ ಸಾಗಿಸೋ ಅಭ್ಯಾಸ.

1997ರಲ್ಲಿ ನ್ಯೂಜಿಲೆಂಡಿನ ಒಟಾಗೊದಲ್ಲಿ 80 ಮತ್ತು ಮೇಲಿನ 233 ಹೆಂಗಸರ ಅಧ್ಯಯನ. ಅರ್ಧ ಜನಕ್ಕೆ ಫಿಸಿಯೋಥೆರಪಿಸ್ಟ್ ಮನೆಗೇ ಹೋಗಿ, ಎರಡು ತಿಂಗಳಲ್ಲಿ ನಾಲ್ಕು ಸಲ, ಕಾಲಿನ ಬಲ ಮತ್ತು ಆಯದ ಅಭ್ಯಾಸ ಕಲಿಸಿದರು. ಒಂದು ವರ್ಷದಲ್ಲಿ ಕಲಿಯದ ಗುಂಪಿನಲ್ಲಿ ಒಟ್ಟು 152 ಸಲ ಬಿದ್ದರು, ಕಲಿತ ಗುಂಪಿನಲ್ಲಿ 88 ಸಲ. ಯಂತ್ರ ಇಲ್ಲ, ಜಿಮ್ ಇಲ್ಲ, ಮನೆಯ ಅಡುಗೆ ಕಟ್ಟೆ ಸಾಕು.

2013ರಲ್ಲಿ ಸಿಡ್ನಿಯಲ್ಲಿ 54 ಹಿರಿಯರ ಮೇಲೆ ಅಯ್ಯಂಗಾರ್ ಪದ್ಧತಿಯ ನಿಂತು ಮಾಡೋ ಆಸನಗಳ ಪರೀಕ್ಷೆ ಆಯಿತು. 12 ವಾರದಲ್ಲಿ ಕಲಿತ ಗುಂಪಿನವರು ನಿಲ್ಲೋದರಲ್ಲಿ, ಕುರ್ಚಿಯಿಂದ ಏಳೋದರಲ್ಲಿ, ನಡೆಯೋದರಲ್ಲಿ ಸುಧಾರಿಸಿದರು. ಸಣ್ಣ ಅಧ್ಯಯನ, ಅವರು ಅಳೆದದ್ದು ಆಯವನ್ನು. ಆದರೆ ಧಾರವಾಡದಲ್ಲಿ ಪಾಠ ಶುರು ಮಾಡಿದ ಹುಡುಗನ ಪದ್ಧತಿ 77 ವರ್ಷದ ನಂತರ ಪ್ರಯೋಗಾಲಯಕ್ಕೆ ಬಂದು ನಿಂತದ್ದು ನನಗಂತೂ ಖುಷಿ ಕೊಟ್ಟಿತು.

ಎಲ್ಲವನ್ನೂ ಕೂಡಿಸಿ ನೋಡಿದ್ದು 2019ರ ಕಾಕ್ರೇನ್ ಪರಿಶೀಲನೆ: 108 ಅಧ್ಯಯನ, 23,407 ಜನ. ವ್ಯಾಯಾಮದಿಂದ ಬೀಳೋ ಪ್ರಮಾಣ 23% ಇಳಿಯುತ್ತೆ. ಆಯದ ಅಭ್ಯಾಸದ ಜೊತೆ ಬಲದ ಅಭ್ಯಾಸವೂ ಸೇರಿದರೆ ಇನ್ನೂ ಹೆಚ್ಚು, ಸುಮಾರು 34%. (ಇದರ ಮೊದಲ ಲೇಖಕಿಯ ಹೆಸರು ಕ್ಯಾಥಿ ಶೆರಿಂಗ್ಟನ್. ಮೇಲೆ 1906ರಲ್ಲಿ ಬಂದ ಶೆರಿಂಗ್ಟನ್ ಬೇರೆ, ಇವರು ಬೇರೆ :)) ಇದರಲ್ಲೇ ಇನ್ನೊಂದು ಮಾತಿದೆ, ನಮ್ಮವರು ಗಮನಿಸಬೇಕಾದ್ದು: ಬರೀ ವಾಕಿಂಗ್ ಮಾಡಿದರೆ ಬೀಳೋದು ಕಡಿಮೆಯಾಗುತ್ತೆ ಅನ್ನೋಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ವಾಕಿಂಗ್ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ, ಮನಸ್ಸಿಗೆ ಒಳ್ಳೇದು, ಬಿಡಬಾರದು. ಆದರೆ ಆಯಕ್ಕೆ ಆಯದ್ದೇ ಅಭ್ಯಾಸ ಬೇಕು. ಅಂದರೆ ಸ್ವಲ್ಪ ತೂಗಾಡಿಸುವ, ಮೈಯನ್ನು ಕಷ್ಟಕ್ಕೆ ಹಾಕುವ ಅಭ್ಯಾಸ. ಕಂಪ್ಯೂಟರಿನವರ ಮಾತಲ್ಲಿ ಹೇಳೋದಾದರೆ, ಟೆಸ್ಟ್ ಮಾಡದ ಕೋಡು ಸರಿಯಾಗಿರುತ್ತೆ ಅಂತ ನಂಬೋಕಾಗಲ್ಲ!

ಈಗ ಬೈರಿದೇವರಕೊಪ್ಪದಲ್ಲಿ

ನಮ್ಮೂರು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಾಗ ಉಣಕಲ್ ದಾಟಿದ ಮೇಲೆ, ನವನಗರಕ್ಕೆ ಮುಂಚೆ ಸಿಗುತ್ತೆ. 2018ರಲ್ಲಿ ಚಿಗರಿ ಬಸ್ಸು ಓಡೋಕೆ ಶುರುವಾದ ಮೇಲೆ ರಸ್ತೆ ಅಗಲ ಆಗಿದೆ, ದಾಟೋಕೆ ಹೆಚ್ಚು ಹೆಜ್ಜೆ ಬೇಕು. ಮನೆಗಳೂ ಬದಲಾಗಿವೆ. ಹೊಸ್ತಿಲು ಹೆಸರಿಗಷ್ಟೇ. ನೆಲಕ್ಕೆ ಕನ್ನಡಿಯಂಥ ಟೈಲ್ಸು, ನೀರು ಬಿದ್ದರೆ ಕಾಣೋದೂ ಇಲ್ಲ. ಊಟಕ್ಕೆ ಟೇಬಲ್, ಕೂರೋಕೆ ಸೋಫಾ, ಕಮೋಡು. ಮಂಡಿನೋವಿನವರಿಗೆ ಇವು ನಿಜಕ್ಕೂ ಬೇಕು. ಆದರೆ ದಿನಕ್ಕೆ ಹತ್ತಾರು ಸಲ ಪುಕ್ಕಟೆ ಸಿಗ್ತಿದ್ದ ಅಭ್ಯಾಸ ಹೋಯಿತು, ಅದರ ಜಾಗಕ್ಕೆ ನಾವು ಏನೂ ತರಲಿಲ್ಲ.

ನಮ್ಮ ಆಯಿಗೆ (ಅಜ್ಜಿಗೆ ನಾವು ಹೀಗೇ ಕರೆಯೋದು) ನಾನು ಇದನ್ನೆಲ್ಲ ಹೇಳಿ, ಅಡಿಗಿ ಮನೆ ಕಟ್ಟೆ ಹಿಡಕೊಂಡು ಒಂದು ಕಾಲ ಮೇಲೆ ನಿಂದ್ರು ಅಂದೆ.

"ಏ ತಮ್ಮಾ, ಈ ವಯಸ್ಸಿನ್ಯಾಗ ನನ್ನ ಬಕಪಕ್ಷಿ ಮಾಡ್ತೀಯೇನು?" ಅಂದಳು.

ಈಗ ಹಾಲು ಕಾಯೋವರೆಗೆ ನಿಲ್ತಾಳೆ. ಹಾಲು ಉಕ್ಕಿದರೆ ತಪ್ಪು ನನ್ನದಂತೆ :)

ಮನೆಯಲ್ಲಿ ಹಿರಿಯರಿದ್ದವರಿಗೆ, ಒಟಾಗೊ ಮಾದರಿಯ ಅಭ್ಯಾಸಗಳಲ್ಲಿ ಸುಲಭವಾದ ಕೆಲವು:

- ಕಟ್ಟೆ ಹಿಡಿದು ಹಿಮ್ಮಡಿ ಎತ್ತೋದು, ಇಳಿಸೋದು. ಹತ್ತು ಸಲ.
- ಕುರ್ಚಿಯಿಂದ ಎದ್ದು ಕೂರೋದು. ಆದರೆ ಕೈ ಊರದೆ, ಆಗದಿದ್ದರೆ ಊರಿ.
- ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಇಟ್ಟು ಹತ್ತು ಸೆಕೆಂಡು ನಿಲ್ಲೋದು. ರೂಢಿಯಾದ ಮೇಲೆ ಹಾಗೇ ಗೆರೆ ಮೇಲೆ ನಡೆದಂತೆ ನಡೆಯೋದು.
- ಕಟ್ಟೆಯ ಉದ್ದಕ್ಕೂ ಅಡ್ಡಡ್ಡ ಹೆಜ್ಜೆ.
- ಒಂದು ಕಾಲ ಮೇಲೆ ನಿಲ್ಲೋದು. ಮೊದಲು ಎರಡು ಕೈ ಹಿಡಿದು, ಆಮೇಲೆ ಒಂದು ಕೈ, ಆಮೇಲೆ ಒಂದು ಬೆರಳು.

ಗಟ್ಟಿ ಆಸರೆ ಕೈಗೆ ಸಿಗುವಂತಿರಬೇಕು, ಪಕ್ಕದಲ್ಲಿ ಯಾರಾದರೂ ಇರಬೇಕು, ನೆಲ ಒಣಗಿರಬೇಕು. ತಲೆಸುತ್ತು ಬರೋರು, ಈಚೆಗೆ ಬಿದ್ದವರು, ಕಾಲು ಜೋಮಿರೋರು ಮೊದಲು ಡಾಕ್ಟರನ್ನೋ ಫಿಸಿಯೋಥೆರಪಿಸ್ಟನ್ನೋ ಕೇಳಿಯೇ ಶುರು ಮಾಡಬೇಕು. ಎಷ್ಟೋ ಸಲ ಬೀಳೋಕೆ ಕಾರಣ ನಿದ್ದೆ ಮಾತ್ರೆ, ಬಿ.ಪಿ. ಮಾತ್ರೆ, ಹಳೇ ಕನ್ನಡಕ ಇವೂ ಆಗಿರುತ್ತವೆ. ಅದನ್ನ ವ್ಯಾಯಾಮ ಸರಿಮಾಡೋಲ್ಲ.

ನಡುವಯಸ್ಸಿನವರಿಗೂ ಒಂದು ಮಾತು. 2022ರಲ್ಲಿ ಬ್ರೆಜಿಲ್ಲಿನ ಒಂದು ಅಧ್ಯಯನ ಬಂತು, 51ರಿಂದ 75 ವರ್ಷದ 1,702 ಜನ. ಹತ್ತು ಸೆಕೆಂಡು ಒಂದು ಕಾಲ ಮೇಲೆ ನಿಲ್ಲಿ ಅಂದರೆ ಐದರಲ್ಲಿ ಒಬ್ಬರಿಗೆ ಆಗಲಿಲ್ಲ. ಆಗದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವಿನ ಅಪಾಯ 84% ಹೆಚ್ಚು ಕಂಡಿತು. ಒಂಟಿ ಕಾಲಲ್ಲಿ ನಿಲ್ಲೋದು ಕಲಿತರೆ ಆಯುಷ್ಯ ಹೆಚ್ಚುತ್ತೆ ಅಂತ ಇದರರ್ಥ ಅಲ್ಲ. ಆಯ ಅನ್ನೋದು ಇಡೀ ಮೈಯ ಸ್ಥಿತಿ ತೋರಿಸೋ ಒಂದು ಮುಳ್ಳು, ಅಷ್ಟೇ. ನಿಮ್ಮ ಅಪ್ಪ-ಅಮ್ಮನಿಗೆ 55 ಆಗಿದ್ದರೆ, ಗೋಡೆ ಪಕ್ಕದಲ್ಲಿ ನಿಲ್ಲಿಸಿ ನೋಡಿ.

ಪ್ರತಿ ವರ್ಷ ಜಗತ್ತಿನಲ್ಲಿ 6,84,000 ಜನ ಬಿದ್ದು ಸಾಯ್ತಾರೆ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, 60 ದಾಟಿದವರಲ್ಲೇ ಇದು ಹೆಚ್ಚು. ಯೋಗ ದಿನ ಜೂನ್ 21ಕ್ಕೆ ಪೇಪರಿನಲ್ಲಿ ಬರೋ ಚಿತ್ರಗಳಲ್ಲಿ ಮೈ ಬಿಲ್ಲಿನಂತೆ ಬಗ್ಗಿಸಿದ ಹುಡುಗ-ಹುಡುಗಿಯರೇ ಇರ್ತಾರೆ. ಮತ್ತೆ ಅದೇ ತಾಲೀಮಿನ ಹರೆಯದ ಮೈ. ಒಂದು ವರ್ಷವಾದರೂ ಮುಖಪುಟದಲ್ಲಿ ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಂತ 80ರ ಅಜ್ಜಿಯ ಚಿತ್ರ ಬರಲಿ ಅಂತ ನನ್ನಾಸೆ. ನಮ್ಮೂರಿನಲ್ಲೂ, ಗುಡಿಯ ಪಡಸಾಲೆಯಲ್ಲೋ ಸಮುದಾಯ ಭವನದಲ್ಲೋ, ಹಿರಿಯರಿಗೆ ವಾರಕ್ಕೆ ಮೂರು ದಿನ ಅರ್ಧ ತಾಸು ನಿಲ್ಲೋದು ಕಲಿಸುವಂಥ ಒಂದು ಜಾಗ ಆಗಬೇಕು. ಖರ್ಚು ಅಂದರೆ ಹತ್ತು ಗಟ್ಟಿ ಕುರ್ಚಿ. 1936ರಲ್ಲಿ ಧಾರವಾಡದ ಹೆಂಗಸರು ಕೇಳಿದ್ದಕ್ಕೆ ಪಾಠ ಶುರುವಾಯ್ತು. ನಮ್ಮ ಹಿರಿಯರು ತಾವಾಗಿ ಕೇಳೋಲ್ಲ, ಅವರ ಪರವಾಗಿ ನಾವು ಕೇಳಬೇಕು.

ನಿಮ್ಮ ಊರಿನಲ್ಲಿ ಇಂಥದ್ದು ನಡೀತಿದೆಯಾ? ನಿಮ್ಮ ಕಡೆ ಆಯ ತಪ್ಪೋದಕ್ಕೆ ಬೇರೆ ಯಾವ ಮಾತಿದೆ? ಗೊತ್ತಿದ್ದೋರು ಬರೀರಿ. ಅಲ್ಲಿವರೆಗೆ, ಮನೆಯ ಹಿರಿಯರಿಗೆ "ಕುಂದರ್ರಿ" ಅನ್ನೋದರ ಬದಲು "ಸ್ವಲ್ಪ ನಿಂದರ್ರಿ, ನಾ ಇಲ್ಲೇ ಅದೀನಿ" ಅಂದು ನೋಡಿ.